ಗೆಕ್ಕೊಗೆ ಮನೆ ಮಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಗೆಕ್ಕೊ ಸಾಕುವವರು, ಸಾಕಬೇಕು ಅಂತ ಆಸೆಪಡುವವರು ಮಾತಿನ ನಡುವೆಯೋ ಪತ್ರದಲ್ಲೋ ಕೇಳುತ್ತಲೇ ಇರುವ ಪ್ರಶ್ನೆಗಳಿವು. ಹೆಚ್ಚಿನವು ಲೆಪರ್ಡ್ ಗೆಕ್ಕೊ ಮತ್ತು ಕ್ರೆಸ್ಟೆಡ್ ಗೆಕ್ಕೊ ಬಗ್ಗೆ. ಜಾಸ್ತಿ ಜನ ಸಾಕುವುದೂ ಇವೆರಡನ್ನೇ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರು ಮಾಡುವ ಮುಂಚೆ

ಗೆಕ್ಕೊ ಅಂದ್ರೆ ಹಲ್ಲಿ ತಾನೇ? ಎಲ್ಲಕ್ಕೂ ಒಂದೇ ಥರದ ಟ್ಯಾಂಕ್ ಸಾಕಲ್ವಾ?

ಗೋಡೆ ಮೇಲೆ ಲೊಚಗುಟ್ಟುವ ಹಲ್ಲಿಯೂ ಗೆಕ್ಕೊನೇ, ನಿಜ. ಆದರೆ ಗೆಕ್ಕೊಗಳಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಒಂದಕ್ಕೆ ಹಿತವಾದ ಜಾಗ ಇನ್ನೊಂದರ ಜೀವ ತೆಗೆಯಬಹುದು.

ಲೆಪರ್ಡ್ ಗೆಕ್ಕೊ ಅಫ್ಘಾನಿಸ್ತಾನ, ಪಾಕಿಸ್ತಾನದ ಕಡೆಯ ಒಣ ಕಲ್ಲುಗುಡ್ಡಗಳ ಪ್ರಾಣಿ. ಅದರ ಬೆರಳಿಗೆ ಅಂಟುವ ಪಟ್ಟಿ ಇಲ್ಲ, ಗಾಜು ಹತ್ತಲು ಬರುವುದಿಲ್ಲ. ಕಣ್ಣಿಗೆ ರೆಪ್ಪೆ ಇದೆ, ಗೆಕ್ಕೊಗಳಲ್ಲಿ ಇದು ಅಪರೂಪ. ಕ್ರೆಸ್ಟೆಡ್ ಗೆಕ್ಕೊ ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾದ್ದು. ಈ ಜಾತಿ ಅಳಿದೇ ಹೋಯಿತು ಅಂತ ಎಲ್ಲರೂ ಅಂದುಕೊಂಡಿದ್ದರು, 1994ರಲ್ಲಿ ಮತ್ತೆ ಸಿಕ್ಕಿತು. ಅದಕ್ಕೆ ಮರ ಬೇಕು, ತೇವ ಬೇಕು, ತಂಪು ಬೇಕು. ರೆಪ್ಪೆ ಇಲ್ಲದ್ದರಿಂದ ಕಣ್ಣನ್ನು ನಾಲಿಗೆಯಲ್ಲೇ ಒರೆಸಿಕೊಳ್ಳುತ್ತದೆ. ಮಡಗಾಸ್ಕರ್‌ನ ಹಸಿರು ಡೇ ಗೆಕ್ಕೊ ಇನ್ನೊಂದು ಥರ. ಅದು ಹಗಲಲ್ಲಿ ಓಡಾಡುತ್ತದೆ, ಬಿಸಿಲು ಕಾಯುತ್ತದೆ.

ಹಾಗಾಗಿ ಟ್ಯಾಂಕ್ ಬಗ್ಗೆ ಯಾರೇ ಕೇಳಿದರೂ ನಾನು ಮೊದಲು ತಿರುಗಿ ಕೇಳುವುದು "ಯಾವ ಗೆಕ್ಕೊ?" ಅಂತ. ಟೊಕೆ ಗೆಕ್ಕೊದಂಥ ಜಾತಿಗಳ ಮಾರಾಟಕ್ಕೆ ಅಂತರರಾಷ್ಟ್ರೀಯ ನಿಯಮವೂ ಇದೆ, 2019ರಿಂದ ಟೊಕೆ ಸೈಟಿಸ್ ಅನ್ನುವ ಕಾಡುಜೀವಿ ವ್ಯಾಪಾರ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ನೀವಿರುವ ಕಡೆ ಯಾವುದನ್ನು ಸಾಕಲು ಕಾನೂನು ಬಿಡುತ್ತದೆ ಅಂತ ಟ್ಯಾಂಕ್ ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಅಂಗಡಿಯಲ್ಲಿ ಸಣ್ಣ ಡಬ್ಬಿಯಲ್ಲೇ ಆರಾಮಾಗಿತ್ತು. ಅಷ್ಟು ದೊಡ್ಡ ಟ್ಯಾಂಕ್ ಯಾಕೆ ಬೇಕು?

ಅಂಗಡಿಯಲ್ಲಿ ಅದು ಇರುವುದು ಕೆಲವು ವಾರ. ನಿಮ್ಮ ಮನೆಯಲ್ಲಿ ಇರುವುದು 15ರಿಂದ 20 ವರ್ಷ.

ದೊಡ್ಡ ಜಾಗ ಯಾಕೆ ಅನ್ನುವುದಕ್ಕೆ ಸರಳ ಕಾರಣ ಇದೆ. ಗೆಕ್ಕೊಗೆ ಮೈ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲು ಬರುವುದಿಲ್ಲ. ಬಿಸಿ ಬೇಕಾದಾಗ ಬಿಸಿ ಜಾಗಕ್ಕೆ, ಸಾಕಾದಾಗ ತಂಪಿಗೆ ನಡೆದು ಹೋಗುತ್ತದೆ. ಸಣ್ಣ ಡಬ್ಬಿಯಲ್ಲಿ ಒಂದು ಮೂಲೆ ಬಿಸಿ ಮಾಡಿದರೆ ಇಡೀ ಡಬ್ಬಿ ಬಿಸಿಯಾಗುತ್ತದೆ. ಆಮೇಲೆ ಹೋಗುವುದೆಲ್ಲಿಗೆ?

ಬೆಳೆದ ಒಂದು ಲೆಪರ್ಡ್ ಗೆಕ್ಕೊಗೆ 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರ ಅನ್ನುವುದು ಒಳ್ಳೆಯ ಅಳತೆ. 75ಕ್ಕೆ 30ರ ಟ್ಯಾಂಕಿನಲ್ಲೂ ಸಾಕುತ್ತಾರೆ, ಆದರೆ ಬಿಸಿ ಮತ್ತು ತಂಪನ್ನು ಬೇರೆಬೇರೆ ಇಡಲು ಅಲ್ಲಿ ಒದ್ದಾಡಬೇಕು. ಇದಕ್ಕೆ ನೆಲ ಮುಖ್ಯ. ಕ್ರೆಸ್ಟೆಡ್‌ಗೆ ಎತ್ತರ ಮುಖ್ಯ, ಕನಿಷ್ಠ 45ಕ್ಕೆ 45, ಎತ್ತರ 60. ಇನ್ನೂ ಎತ್ತರದ್ದು ಸಿಕ್ಕರೆ ಬಿಡಬೇಡಿ.

ಮರಿಯನ್ನು ದೊಡ್ಡ ಟ್ಯಾಂಕಿಗೆ ಬಿಟ್ಟರೆ ಹೆದರಿ ಊಟ ಬಿಡುತ್ತೆ ಅಂತಾರೆ. ನಿಜಾನಾ?

ಅರ್ಧ ನಿಜ. ಅದು ಹೆದರುವುದು ಖಾಲಿ ಜಾಗಕ್ಕೆ. ಕಾಡಿನಲ್ಲಿ ಅದಕ್ಕೆ ಯಾರೂ ಗೋಡೆ ಕಟ್ಟಿರುವುದಿಲ್ಲ, ಆದರೆ ಎರಡು ಹೆಜ್ಜೆಗೊಂದು ಬಿರುಕು, ಪೊದೆ ಇರುತ್ತದೆ. ದೊಡ್ಡ ಟ್ಯಾಂಕಿನಲ್ಲಿ ಎಲೆ, ತೊಗಟೆ, ಗೂಡು ಒತ್ತೊತ್ತಾಗಿ ಇಟ್ಟರೆ ಮರಿ ಚೆನ್ನಾಗಿಯೇ ಇರುತ್ತದೆ. ಊಟವನ್ನು ಮಾತ್ರ ಅದು ಮಲಗುವ ಗೂಡಿನ ಹತ್ತಿರವೇ ಇಡಿ. ಎಷ್ಟು ತಿಂತು ಅಂತ ಲೆಕ್ಕ ಇಡಬೇಕೆನ್ನುವವರು ಮೊದಲ ಕೆಲವು ತಿಂಗಳು ಚಿಕ್ಕ ಟ್ಯಾಂಕ್ ಬಳಸುತ್ತಾರೆ, ಅದರಲ್ಲೂ ತಪ್ಪಿಲ್ಲ.

ಮನೇಲಿ ಹಳೇ ಮೀನಿನ ತೊಟ್ಟಿ ಇದೆ. ಅದೇ ಆಗುತ್ತಾ?

ಲೆಪರ್ಡ್ ಗೆಕ್ಕೊಗೆ ಆಗುತ್ತದೆ, ಮೇಲೆ ಗಟ್ಟಿಯಾದ ತಂತಿ ಜಾಲರಿ ಮುಚ್ಚಳ ಇದ್ದರೆ. ಕ್ರೆಸ್ಟೆಡ್‌ಗೆ ಬೇಡ. ಮೀನಿನ ತೊಟ್ಟಿಯಲ್ಲಿ ಗಾಳಿ ಮೇಲಿನಿಂದ ಮಾತ್ರ ಆಡುತ್ತದೆ, ತೇವದ ಗಾಳಿ ತಳದಲ್ಲಿ ನಿಂತು ಬೂಸ್ಟು ಹಿಡಿಯುತ್ತದೆ. ಇಂಥ ಪ್ರಾಣಿಗಳಿಗೆಂದೇ ಮಾಡುವ ಮುಂಬಾಗಿಲಿನ ಗಾಜಿನ ಟ್ಯಾಂಕ್, ಅಂದರೆ ಟೆರೇರಿಯಂಗಳಲ್ಲಿ ಬಾಗಿಲ ಕೆಳಗೊಂದು ಗಾಳಿಕಿಂಡಿ, ಮೇಲೆ ಜಾಲರಿ ಇರುತ್ತದೆ. ಬಿಸಿ ಗಾಳಿ ಮೇಲೆ ಹೋದಂತೆ ಹೊಸ ಗಾಳಿ ಕೆಳಗಿನಿಂದ ಒಳಗೆ ಬರುತ್ತದೆ, ಒಲೆಯ ಹೊಗೆಗೂಡಿನ ಹಾಗೆ.

ಇನ್ನೊಂದು ಮಾತು. ಮೀನಿನ ತೊಟ್ಟಿಯಲ್ಲಿ ನಿಮ್ಮ ಕೈ ಯಾವಾಗಲೂ ಮೇಲಿನಿಂದ ಇಳಿಯುತ್ತದೆ. ಗೆಕ್ಕೊಗೆ ಮೇಲಿನಿಂದ ಬರುವುದೆಲ್ಲ ಹದ್ದೇ. ಮುಂಬಾಗಿಲಿನ ಟ್ಯಾಂಕಿಗೆ ಬದಲಾಯಿಸಿದ ಮೇಲೆ ನನ್ನ ಒಂದು ಗೆಕ್ಕೊ ಕೈ ಕಂಡು ಓಡುವುದನ್ನು ಎರಡೇ ವಾರದಲ್ಲಿ ಬಿಟ್ಟಿತು.

ಒಂದಕ್ಕೆ ಬೇಜಾರಾಗಲ್ವಾ? ಎರಡನ್ನು ಒಟ್ಟಿಗೆ ಇಟ್ಟರೆ?

ಬೇಜಾರಾಗುವುದಿಲ್ಲ. ಎರಡು ಗಂಡು ಒಂದೇ ಕಡೆ ಇದ್ದರೆ ಕಚ್ಚಾಟ ಖಂಡಿತ. ಗಂಡು, ಹೆಣ್ಣು ಇಟ್ಟರೆ ಹೆಣ್ಣು ಮೊಟ್ಟೆ ಇಟ್ಟು ಇಟ್ಟು ಸೊರಗುತ್ತದೆ. ಎರಡು ಹೆಣ್ಣು ಒಂದರ ಮೇಲೊಂದು ಮಲಗಿರುವುದನ್ನು ನೋಡಿ "ಎಷ್ಟು ಪ್ರೀತಿ" ಅನ್ನುತ್ತೇವೆ. ಬಹಳ ಸಲ ಅಲ್ಲಿ ನಡೆಯುತ್ತಿರುವುದು ಬೆಚ್ಚನೆಯ ಜಾಗಕ್ಕಾಗಿ ಪೈಪೋಟಿ, ಕೆಳಗಿರುವುದು ಸೋತದ್ದು. ಬೇರೆಬೇರೆ ಜಾತಿಗಳನ್ನು ಬೆರೆಸುವ ಮಾತಂತೂ ಬೇಡವೇ ಬೇಡ.

ಟ್ಯಾಂಕನ್ನು ಕಿಟಕಿ ಪಕ್ಕ ಇಟ್ಟರೆ ಬಿಸಿಲು ಸಿಗುತ್ತೆ, ಒಳ್ಳೇದಲ್ವಾ?

ಅಪಾಯ. ಗಾಜಿನ ಮೂಲಕ ಬಿಸಿಲಿನ ಕಾವು ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ಬಿಸಿಲಲ್ಲಿ ಬಾಗಿಲು ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ ಹೇಗಿರುತ್ತದೆ ಅಂತ ನೆನಪಿಸಿಕೊಳ್ಳಿ. ಬಿಸಿಲಿನಲ್ಲಿ ಗೆಕ್ಕೊಗೆ ಬೇಕಾದ ಯುವಿಬಿ ಅನ್ನುವ ಅತಿನೇರಳೆ ಕಿರಣವನ್ನು ಗಾಜು ಬಹುಪಾಲು ತಡೆದುಬಿಡುತ್ತದೆ. ಅಂದರೆ ಲಾಭ ಇಲ್ಲ, ನಷ್ಟ ಮಾತ್ರ. ನೇರ ಬಿಸಿಲು ಬೀಳದ, ಬಾಗಿಲು ಧಡಾರ್ ಅನ್ನದ, ಸ್ಪೀಕರ್ ಪಕ್ಕದಲ್ಲಲ್ಲದ ಗೋಡೆ ಬದಿ ಒಳ್ಳೆಯದು.

## ಬಿಸಿ ಮತ್ತು ಬೆಳಕು

ಒಳಗೆ ಎಷ್ಟು ಡಿಗ್ರಿ ಇರಬೇಕು ಅಂತ ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಹೇಳಲು ಆಗುವುದಿಲ್ಲ, ಯಾಕೆಂದರೆ ಒಂದೇ ಡಿಗ್ರಿ ಇರಬಾರದು.

ಲೆಪರ್ಡ್ ಗೆಕ್ಕೊ ಟ್ಯಾಂಕಿನ ಒಂದು ತುದಿಯಲ್ಲಿ ಚಪ್ಪಟೆ ಕಲ್ಲಿನ ಮೇಲ್ಮೈ 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರಲಿ. ಇನ್ನೊಂದು ತುದಿ 22ರಿಂದ 26. ನಡುವೆ ಮೆಲ್ಲಗೆ ಇಳಿಯುತ್ತಾ ಬರಲಿ. ರಾತ್ರಿ 20ರ ಆಸುಪಾಸಿಗೆ ಇಳಿದರೂ ಆರೋಗ್ಯವಾಗಿರುವ ಪ್ರಾಣಿಗೆ ಏನೂ ಆಗುವುದಿಲ್ಲ. ಹೊಟ್ಟೆಯಡಿಯ ಕಲ್ಲು ಬೆಚ್ಚಗಿದ್ದರೆ ತಿಂದದ್ದು ಅರಗುತ್ತದೆ. ತಿಂದು ತಣ್ಣಗೆ ಬಿದ್ದುಕೊಂಡರೆ ಹುಳು ಹೊಟ್ಟೆಯಲ್ಲೇ ಕೆಟ್ಟು ವಾಂತಿಯಾಗಬಹುದು.

ಕ್ರೆಸ್ಟೆಡ್‌ಗೆ ಲೆಕ್ಕವೇ ಬೇರೆ. 22ರಿಂದ 26 ಅದಕ್ಕೆ ಹಿತ. 28 ದಾಟಿದರೆ ಬಳಲುತ್ತದೆ, ಆ ಬಿಸಿ ಹಾಗೇ ಮುಂದುವರಿದರೆ ಸಾಯಲೂಬಹುದು. "ಹಾವು, ಹಲ್ಲಿ ಜಾತಿಗೆ ಬಿಸಿ ಬೇಕು" ಅಂತ ಕೇಳಿದ ಅರ್ಧ ಮಾತಿಗೆ ಕ್ರೆಸ್ಟೆಡ್ ಮೇಲೆ ದೊಡ್ಡ ಬಲ್ಬ್ ಉರಿಸಿ ಕೈ ಸುಟ್ಟುಕೊಂಡವರು ಕಡಿಮೆ ಇಲ್ಲ.

ಹೀಟ್ ಮ್ಯಾಟ್ ಒಳ್ಳೇದಾ, ಬಲ್ಬ್ ಒಳ್ಳೇದಾ?

ಮೊದಲು ಎಲ್ಲರೂ ಟ್ಯಾಂಕಿನಡಿ ಅಂಟಿಸುವ ಮ್ಯಾಟ್ ಅನ್ನುತ್ತಿದ್ದರು. ಈಗ ಮೇಲಿನಿಂದ ಬಿಸಿ ಕೊಡುವುದೇ ಸರಿ ಅನ್ನುವವರು ಜಾಸ್ತಿ. ನಾನೂ ಆ ಕಡೆಯೇ. ಬಿಸಿಲು ಬೀಳುವುದು ಮೇಲಿನಿಂದ, ಕಲ್ಲು ಕಾಯುತ್ತದೆ, ಸಂಜೆ ಎದ್ದ ಗೆಕ್ಕೊ ಆ ಕಲ್ಲಿನ ಮೇಲೆ ಹೊಟ್ಟೆ ಇಟ್ಟು ಮಲಗುತ್ತದೆ. ಹ್ಯಾಲೊಜೆನ್ ಬಲ್ಬ್ ಮಾಡುವುದೂ ಇದನ್ನೇ. ಅದು ಗಾಳಿಯನ್ನೂ ಒಂದಿಷ್ಟು ಬೆಚ್ಚಗಾಗಿಸುತ್ತದೆ. ಮ್ಯಾಟ್ ತಾನು ಅಂಟಿದ ಗಾಜನ್ನು ಮಾತ್ರ ಬಿಸಿ ಮಾಡುತ್ತದೆ, ದಪ್ಪ ಮಣ್ಣು ಹಾಕಿದರೆ ಬಿಸಿ ಮೇಲೇ ಬರುವುದಿಲ್ಲ.

ಹಾಗಂತ ಮ್ಯಾಟ್ ಎಸೆಯಬೇಡಿ. ಮನೆ ಚಳಿಯಾಗಿದ್ದರೆ ರಾತ್ರಿ ಬೆಳಕಿಲ್ಲದೆ ಬಿಸಿ ಕೊಡಲು ಬರುತ್ತದೆ. ಟ್ಯಾಂಕಿನ ಹೊರಗೆ, ತಳದ ಮೂರನೇ ಒಂದು ಭಾಗಕ್ಕೆ ಅಂಟಿಸಿ, ಟ್ಯಾಂಕಿನಡಿ ಸ್ವಲ್ಪ ಸಂದು ಬಿಡಿ. ಒಳಗೆ ವೈರ್ ಸುತ್ತಿದ ಬಿಸಿ ಕಲ್ಲು ಅಂತ ಮಾರುತ್ತಾರಲ್ಲ, ಅದು ಮಾತ್ರ ಬೇಡ. ಅದರ ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಸುಡುವಷ್ಟು ಬಿಸಿ. ಹೊಟ್ಟೆ ಸುಡುತ್ತಿದ್ದರೂ ಗೆಕ್ಕೊ ಬೇಗ ಎದ್ದು ಹೋಗುವುದಿಲ್ಲ.

ಥರ್ಮೊಸ್ಟಾಟ್ ಇಲ್ದೇ ನಡೆಯಲ್ವಾ? ಕೈ ಇಟ್ಟು ನೋಡಿದ್ರೆ ಬೆಚ್ಚಗೇ ಇದೆ.

ನಡೆಯುವುದಿಲ್ಲ. ಟ್ಯಾಂಕ್ ಅಲಂಕಾರಕ್ಕೆ ಎಷ್ಟಾದರೂ ಕಡಿಮೆ ಖರ್ಚು ಮಾಡಿ, ಬಿಸಿಯನ್ನು ಹತೋಟಿಯಲ್ಲಿಡುವ ಈ ಸಾಧನಕ್ಕೆ ಮಾತ್ರ ಜಿಪುಣತನ ಬೇಡ. ನಮ್ಮ ಅಂಗೈಯೇ 33 ಡಿಗ್ರಿಯ ಹತ್ತಿರ ಇರುತ್ತದೆ. ಕೈಗೆ "ಬೆಚ್ಚಗೆ" ಅನ್ನಿಸುವ ಹೊತ್ತಿಗೆ ಗೆಕ್ಕೊಗೆ ಅದು ಆಗಲೇ ಜಾಸ್ತಿ ಆಗಿರಬಹುದು.

ಥರ್ಮೊಸ್ಟಾಟ್ ಇದ್ದರೂ ಮುಗಿಯಲಿಲ್ಲ. ಅದರ ವೈರಿನ ತುದಿಯಲ್ಲಿ ಪ್ರೋಬ್ ಇರುತ್ತದೆ, ಬಿಸಿ ಅಳೆಯುವುದು ಅದೇ. ನನ್ನದೇ ಒಂದು ದಡ್ಡತನ ಹೇಳುತ್ತೇನೆ. ಪ್ರೋಬನ್ನು ಬಿಸಿ ಗೂಡಿನ ಒಳಗೆ ಸುಮ್ನೆ ಇಟ್ಟಿದ್ದೆ, ಅಂಟಿಸಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಗೆಕ್ಕೊ ತಂಪು ಮೂಲೆಯ ಗಾಜಿಗೆ ಒತ್ತಿಕೊಂಡು, ಬಾಯಿ ಸ್ವಲ್ಪ ತೆರೆದುಕೊಂಡು ಕೂತಿತ್ತು. ಥರ್ಮೊಸ್ಟಾಟಿನ ಪರದೆಯಲ್ಲಿ 24 ಅಂತ ತೋರಿಸುತ್ತಿತ್ತು. ಬಿಸಿ ಗೂಡಿಗೆ ಕೈ ಹಾಕಿದರೆ ಸುಡುತ್ತಿತ್ತು, ಅಳೆದರೆ 46. ರಾತ್ರಿ ಅದು ಓಡಾಡುವಾಗ ಕಾಲಿಗೆ ವೈರ್ ಸಿಕ್ಕಿ ಪ್ರೋಬ್ ನೀರಿನ ಬಟ್ಟಲಿಗೆ ಬಿದ್ದಿತ್ತು. ಪಾಪ, ಥರ್ಮೊಸ್ಟಾಟ್ ನೀರಿನ ತಂಪು ನೋಡಿ "ಇನ್ನೂ ಬಿಸಿ ಸಾಲದು" ಅಂತ ರಾತ್ರಿಯಿಡೀ ಮ್ಯಾಟ್ ಉರಿಸಿದೆ. ತಂಪು ಮೂಲೆ ಅಂತ ಒಂದು ಇದ್ದದ್ದರಿಂದ ಗೆಕ್ಕೊ ಉಳಿಯಿತು.

ಅಂದಿನಿಂದ ಪ್ರೋಬನ್ನು ಎರಡು ಕಡೆ ಬಿಗಿಯಾಗಿ ಸಿಕ್ಕಿಸುತ್ತೇನೆ. ಮ್ಯಾಟ್ ಆದರೆ ಗೆಕ್ಕೊ ಮಲಗುವ ಜಾಗದಲ್ಲೇ ತಳಕ್ಕೆ ತಾಗಿಸಿ, ಬಲ್ಬ್ ಆದರೆ ಕಾಯುವ ಕಲ್ಲಿನ ಪಕ್ಕ. ಒಳಗೆ ಸೆಲ್ಲೋಟೇಪ್ ಹಾಕಬೇಡಿ, ಗೆಕ್ಕೊ ಚರ್ಮಕ್ಕೆ ಅಂಟಿಕೊಂಡರೆ ಬಿಡಿಸುವಾಗ ಚರ್ಮವೇ ಕಿತ್ತು ಬರುತ್ತದೆ.

ಥರ್ಮೊಸ್ಟಾಟಿನಲ್ಲೂ ಬಗೆಗಳಿವೆ. ಆನ್ ಆಫ್ ಮಾಡುವ ಸಾಮಾನ್ಯದ್ದು ಮ್ಯಾಟಿಗೆ ಸಾಕು. ಬೆಳಕು ಕೊಡುವ ಬಲ್ಬಿಗೆ ಅದನ್ನು ಆರಿಸದೆ ಮಂದ ಮಾಡುವ ಡಿಮ್ಮಿಂಗ್ ಬಗೆ ಬೇಕು, ಇಲ್ಲದಿದ್ದರೆ ದಿನವಿಡೀ ದೀಪ ಹತ್ತಿ ಆರಿ ಹತ್ತಿ ಆರಿ ಗೆಕ್ಕೊಗೂ ಬಲ್ಬಿಗೂ ಆಯಸ್ಸು ಕಡಿಮೆ.

ಗಾಜಿಗೆ ಅಂಟಿಸುವ ಗುಂಡನೆಯ ಥರ್ಮಾಮೀಟರ್ ಸಾಕಾ?

ಅದು ಗಾಜಿನ ಬಿಸಿ ತೋರಿಸುತ್ತದೆ, ಅದೂ ಸರಿಯಾಗಿ ಅಲ್ಲ. ಪ್ರೋಬ್ ಇರುವ ಡಿಜಿಟಲ್ ಎರಡು ತಗೊಳ್ಳಿ, ಬಿಸಿ ತುದಿಗೊಂದು, ತಂಪಿಗೊಂದು. ಕಲ್ಲಿನ ಮೇಲ್ಮೈ ಅಳೆಯಲು ಇನ್‌ಫ್ರಾರೆಡ್ ಗನ್ ಒಂದಿದ್ದರೆ ಎಷ್ಟೋ ಅನುಮಾನ ಒಂದು ಗಳಿಗೆಯಲ್ಲಿ ತೀರುತ್ತದೆ. ಗನ್ ಗಾಜಿನ ಹೊರಗಿನಿಂದ ಹಿಡಿದರೆ ಗಾಜನ್ನೇ ಅಳೆಯುತ್ತದೆ, ಬಾಗಿಲು ತೆಗೆದು ಹಿಡಿಯಿರಿ.

ರಾತ್ರಿ ಓಡಾಡೋ ಪ್ರಾಣಿಗೆ ಯುವಿಬಿ ದೀಪ ಯಾಕೆ?

ಯುವಿಬಿ ಇಲ್ಲದೆಯೂ ಆಹಾರಕ್ಕೆ ವಿಟಮಿನ್ ಡಿ3 ಇರುವ ಕ್ಯಾಲ್ಸಿಯಂ ಪುಡಿ ಸವರಿ ತಲೆತಲಾಂತರ ಲೆಪರ್ಡ್‌ಗಳನ್ನು ಸಾಕಿದ್ದಾರೆ. ಹಾಗಾಗಿ ಇದಿಲ್ಲದಿದ್ದರೆ ಸತ್ತೇ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಪುಡಿಯ ಲೆಕ್ಕ ತಪ್ಪಿದರೆ ಮೂಳೆ ಮೆತ್ತಗಾಗುತ್ತದೆ, ದವಡೆ ಬಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಯುವಿಬಿ ಬಿದ್ದು ಚರ್ಮದಲ್ಲೇ ಡಿ3 ತಯಾರಾದರೆ ಬೇಕಾದಷ್ಟಕ್ಕೆ ಅದೇ ನಿಲ್ಲುತ್ತದೆ. ರಾತ್ರಿ ಪ್ರಾಣಿ ಅಂತ ನಾವು ಅನ್ನುತ್ತೇವೆ, ಆದರೆ ಲೆಪರ್ಡ್ ನಿಜವಾಗಿ ಚುರುಕಾಗುವುದು ಮುಸ್ಸಂಜೆ ಮತ್ತು ಮುಂಜಾವಿನಲ್ಲಿ. ಹಗಲಲ್ಲಿ ಗೂಡಿನ ಬಾಯಿಗೆ ಬಾಲವನ್ನೋ ಕಾಲನ್ನೋ ಚಾಚಿ ಬೆಳಕಿಗೆ ಒಡ್ಡುವುದನ್ನು ನೀವೇ ನೋಡಬಹುದು.

ಎಷ್ಟು ಬೇಕು ಅನ್ನುವುದಕ್ಕೆ 2010ರಲ್ಲಿ ಗ್ಯಾರಿ ಫರ್ಗ್ಯುಸನ್ ಮತ್ತು ಜೊತೆಗಾರರು ಸರೀಸೃಪಗಳನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದ್ದು ಒಳ್ಳೆಯ ದಾರಿ. ನೆರಳಲ್ಲಿ ಬದುಕುವ ಮೊದಲ ವಲಯಕ್ಕೆ ಸರಾಸರಿ ಯುವಿ ಸೂಚ್ಯಂಕ 0.7ರ ಒಳಗೆ. ಸಾಕುವವರು ಲೆಪರ್ಡ್, ಕ್ರೆಸ್ಟೆಡ್ ಎರಡನ್ನೂ ಇದರಲ್ಲೇ ಇಡುತ್ತಾರೆ. ಅಂದರೆ ಕಡಿಮೆ ಶಕ್ತಿಯ ಟ್ಯೂಬ್, ಟ್ಯಾಂಕಿನ ಅರ್ಧ ಉದ್ದಕ್ಕೆ ಮಾತ್ರ. ಇನ್ನರ್ಧ ನೆರಳಿರಲಿ. ಒತ್ತಾದ ಜಾಲರಿ ಯುವಿಬಿಯ ಒಳ್ಳೆಯ ಪಾಲನ್ನು ತಿಂದುಹಾಕುತ್ತದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಬಿಳಿಚು ಬಣ್ಣದ ಆಲ್ಬಿನೊ ಗೆಕ್ಕೊಗಳಿಗೆ ಬೆಳಕು ಕಣ್ಣು ಚುಚ್ಚುತ್ತದೆ, ಅವಕ್ಕೆ ಇನ್ನೂ ಕಡಿಮೆ. ಟ್ಯೂಬ್ ಉರಿಯುತ್ತಿದ್ದರೂ ಯುವಿಬಿ ಕುಗ್ಗುತ್ತಾ ಬರುತ್ತದೆ, ಸಾಮಾನ್ಯವಾಗಿ 12 ತಿಂಗಳಿಗೆ ಬದಲಾಯಿಸುತ್ತಾರೆ.

ರಾತ್ರಿ ನೋಡೋಕೆ ಕೆಂಪು ಬಲ್ಬ್ ಹಾಕಿದ್ದೀನಿ. ಅದಕ್ಕೆ ಕೆಂಪು ಕಾಣಿಸಲ್ಲ ಅಂದರು.

ಆರಿಸಿಬಿಡಿ. ರಾತ್ರಿ ಗೆಕ್ಕೊಗಳ ಕಣ್ಣು ನಮಗಿಂತ ಎಷ್ಟೋ ಸೂಕ್ಷ್ಮ. ನಮಗೆ ಎಲ್ಲವೂ ಬೂದು ಕಾಣುವ ಮಂದ ಬೆಳದಿಂಗಳಲ್ಲೂ ಹೆಲ್ಮೆಟ್ ಗೆಕ್ಕೊ ಬಣ್ಣ ಗುರುತಿಸುತ್ತದೆ ಅಂತ ಪ್ರಯೋಗದಲ್ಲಿ ಕಂಡಿದೆ. ರಾತ್ರಿ ಅಂದರೆ ಕತ್ತಲೆ ಇರಬೇಕು. ಬಿಸಿ ಬೇಕಿದ್ದರೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಇದೆ.

## ನೆಲ, ಗೂಡು, ನೀರು

ಲೆಪರ್ಡ್ ಗೆಕ್ಕೊ ಮರುಭೂಮಿ ಪ್ರಾಣಿ ಅಲ್ವಾ? ಮರಳು ಹಾಕಿದ್ರೆ ಏನು ತಪ್ಪು?

ಅದರ ಊರು ಮರಳ ದಿಬ್ಬಗಳಲ್ಲ. ಗಟ್ಟಿಯಾದ ಮಣ್ಣು, ಜಲ್ಲಿ, ಬಂಡೆ. ಸಡಿಲ ಮರಳಿನಲ್ಲಿ ಹುಳು ಹಿಡಿಯಲು ಹೋಗಿ ಮರಳೂ ಬಾಯಿಗೆ ಹೋಗುತ್ತದೆ. ಬಿಸಿ ಸರಿಯಿದ್ದು ಮೈಯಲ್ಲಿ ನೀರಿನಂಶ ಚೆನ್ನಾಗಿರುವ ಪ್ರಾಣಿ ಅದನ್ನು ಹೊರಗೆ ಹಾಕಬಹುದು. ಬಿಸಿ ಸಾಲದಿದ್ದರೆ, ಕ್ಯಾಲ್ಸಿಯಂ ಕೊರತೆ ಇದ್ದರೆ ಕರುಳು ಕಟ್ಟಿಕೊಳ್ಳುತ್ತದೆ. "ಕ್ಯಾಲ್ಸಿಯಂ ಮರಳು, ತಿಂದರೂ ಕರಗುತ್ತದೆ" ಅಂತ ಮಾರುವುದು ಎಲ್ಲಕ್ಕಿಂತ ಕೆಟ್ಟದ್ದು. ಕ್ಯಾಲ್ಸಿಯಂ ರುಚಿಗೆ ಗೆಕ್ಕೊ ಬೇಕಂತಲೇ ನೆಕ್ಕುತ್ತದೆ. ಅಕ್ರೋಟ್ ಸಿಪ್ಪೆಯ ಪುಡಿಯೂ ಬೇಡ, ಅದರ ಅಂಚು ಚೂಪು. ಸೀಡರ್ ಮರದ ಹೊಟ್ಟಿನ ಘಾಟು ಉಸಿರಿಗೆ ಕೆಟ್ಟದ್ದು.

ಹೊಸಬರಿಗೆ ನಾನು ಹೇಳುವುದು ಪೇಪರ್ ಟವೆಲ್ ಅಥವಾ ಒರಟು ಕಲ್ಲಿನ ಟೈಲ್ಸ್. ಟೈಲ್ಸ್ ಬಿಸಿ ಹಿಡಿದಿಡುತ್ತದೆ, ಉಗುರೂ ಸವೆಯುತ್ತದೆ. ಅಗೆಯಲು ಮಣ್ಣು ಕೊಡಬೇಕು ಅನ್ನಿಸಿದರೆ ಗೊಬ್ಬರ, ಔಷಧ ಬೆರೆಸದ ಮಣ್ಣು 7 ಪಾಲು, ತೊಳೆದ ಮರಳು 3 ಪಾಲು ಕಲಸಿ, ನೀರು ಹಾಕಿ ತಟ್ಟಿ, ಪೂರ್ತಿ ಒಣಗಿಸಿ. ಒಣಗಿದ ಮೇಲೆ ಬೆರಳಲ್ಲಿ ಒತ್ತಿದರೆ ಕುಸಿಯಬಾರದು. ಕ್ರೆಸ್ಟೆಡ್‌ಗೆ ತೇವ ಹಿಡಿಯುವ ತೆಂಗಿನ ನಾರಿನ ಪುಡಿ ಸರಿ.

ಎಷ್ಟು ಗೂಡು ಇಡಬೇಕು? ಜಾಸ್ತಿ ಇಟ್ಟರೆ ನಮಗೆ ಕಾಣಿಸೋದೇ ಇಲ್ಲ.

ವಿಚಿತ್ರ ಅಂದರೆ ಗೂಡು ಜಾಸ್ತಿ ಇದ್ದರೇ ಅದು ಹೆಚ್ಚು ಹೊರಗೆ ಬರುತ್ತದೆ. ಯಾವ ಕ್ಷಣದಲ್ಲಾದರೂ ನುಸುಳಬಹುದು ಅನ್ನುವ ಧೈರ್ಯ ಬರುತ್ತದಲ್ಲ.

ಲೆಪರ್ಡ್‌ಗೆ ಮೂರು ಗೂಡು ಕಡ್ಡಾಯ. ಬಿಸಿ ತುದಿಯಲ್ಲಿ ಒಂದು, ತಂಪಿನಲ್ಲಿ ಒಂದು, ನಡುವೆ ತೇವದ್ದೊಂದು. ಬಿಸಿಯಲ್ಲಿ ಒಂದೇ ಗೂಡಿಟ್ಟರೆ ಅದು ತಂಪೋ ಭದ್ರತೆಯೋ ಅಂತ ಆರಿಸಬೇಕಾಗುತ್ತದೆ, ಪ್ರತಿ ಸಲ ಭದ್ರತೆಯನ್ನೇ ಆರಿಸುತ್ತದೆ. ಮೈ ಮೇಲಿನ ಚಾವಣಿ ಬೆನ್ನಿಗೆ ತಾಗುವಷ್ಟು ಇಕ್ಕಟ್ಟಾಗಿದ್ದರೆ ಇಷ್ಟ. ಅರಮನೆಯಂಥ ದೊಡ್ಡ ಗುಹೆ ನಮ್ಮ ಕಣ್ಣಿಗೆ ಮಾತ್ರ ಚಂದ.

ತೇವದ ಗೂಡಿಗೆ ಕಾಸು ಸುರಿಯಬೇಕಿಲ್ಲ. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಯ ಬದಿಯಲ್ಲಿ ಗೆಕ್ಕೊ ಹೊಟ್ಟೆ ತುಂಬಿದಾಗಲೂ ತೂರುವಷ್ಟು ತೂತು ಮಾಡಿ. ಅಂಚನ್ನು ಬೆಂಕಿಯಲ್ಲಿ ಬಿಸಿ ಮಾಡಿದ ಚಮಚದಿಂದ ನುಣ್ಣಗೆ ಒತ್ತಿ. ಒಳಗೆ ಸ್ಫ್ಯಾಗ್ನಮ್ ಪಾಚಿ ತುಂಬಿ, ಹಿಂಡಿದರೆ ಒಂದೆರಡು ಹನಿ ಬೀಳುವಷ್ಟು ಒದ್ದೆ ಇರಲಿ.

ಬೆರಳ ತುದಿಯಲ್ಲಿ ಬಿಳಿ ಉಂಗುರದ ಹಾಗೆ ಪೊರೆ ಉಳಿದಿದೆ. ಕಿತ್ತುಬಿಡಲಾ?

ಒಣಗಿರುವಾಗ ಕೀಳಬೇಡಿ. ಹಾಗೇ ಬಿಡಲೂಬೇಡಿ. ಆ ಉಂಗುರ ಬಿಗಿದು ರಕ್ತ ನಿಂತರೆ ಬೆರಳೇ ಉದುರುತ್ತದೆ. ಪಾದ ಮುಳುಗುವಷ್ಟು ಉಗುರು ಬೆಚ್ಚಗಿನ ನೀರಿನಲ್ಲಿ 15 ನಿಮಿಷ ಬಿಡಿ, ಪಕ್ಕದಲ್ಲೇ ಕೂತಿರಿ. ಆಮೇಲೆ ಒದ್ದೆ ಹತ್ತಿಕಡ್ಡಿಯನ್ನು ಬೆರಳ ಬುಡದಿಂದ ತುದಿಗೆ ಮೆಲ್ಲಗೆ ಉರುಳಿಸಿ. ಕಾಲುಚೀಲ ಕಳಚಿದ ಹಾಗೆ ಬರುತ್ತದೆ. ಬರದಿದ್ದರೆ ನಾಳೆ ಮತ್ತೆ. ಬೆರಳು ಊದಿದ್ದರೆ, ಕಪ್ಪಾಗಿದ್ದರೆ ವೈದ್ಯರ ಹತ್ತಿರ ಹೋಗಿ.

ಪ್ರತಿ ಸಲ ಹೀಗಾಗುತ್ತಿದ್ದರೆ ತೇವದ ಗೂಡು ಮುಟ್ಟಿ ನೋಡಿ, ಹೆಚ್ಚಾಗಿ ಒಣಗಿರುತ್ತದೆ. ಪೊರೆ ಎಲ್ಲೂ ಕಾಣದಿದ್ದರೆ ಗಾಬರಿ ಬೇಡ, ಅದನ್ನು ಗೆಕ್ಕೊ ತಾನೇ ತಿಂದುಬಿಡುತ್ತದೆ.

ಕ್ರೆಸ್ಟೆಡ್‌ಗೆ ದಿನಕ್ಕೆ ಎಷ್ಟು ಸಲ ನೀರು ಚಿಮುಕಿಸಬೇಕು?

ಸಲದ ಲೆಕ್ಕ ಬಿಟ್ಟು ತೇವಾಂಶ ಮಾಪಕ ನೋಡಿ. ರಾತ್ರಿ 80 ಪ್ರತಿಶತದ ಹತ್ತಿರ ಏರಲಿ, ಹಗಲು 50ರಿಂದ 60ಕ್ಕೆ ಇಳಿಯಲಿ. ಸಾಮಾನ್ಯವಾಗಿ ಸಂಜೆ ಒಮ್ಮೆ ಚೆನ್ನಾಗಿ, ಬೇಕಿದ್ದರೆ ಬೆಳಿಗ್ಗೆ ಸ್ವಲ್ಪ. ಎಲೆ ಮೇಲಿನ ಹನಿ ನೆಕ್ಕಿಯೇ ಅದು ನೀರು ಕುಡಿಯುವುದು, ಆದರೂ ಒಂದು ಬಟ್ಟಲು ಇರಲಿ. ಜನ ತಪ್ಪುವುದು ಒಣಗಿಸುವುದರಲ್ಲಿ. ದಿನವಿಡೀ ಗಾಜು ಬೆವರುತ್ತಿದ್ದರೆ ಉಸಿರಾಟದ ಸೋಂಕು, ಚರ್ಮದ ಹುಣ್ಣು ಬರುತ್ತವೆ.

ಯಾವಾಗ್ಲೂ ಗಾಜಿನ ಮೇಲೆ ತಲೆಕೆಳಗಾಗಿ ಮಲಗುತ್ತೆ. ಬಾಲ ಒಂದು ಕಡೆ ವಾಲ್ತಾ ಇದೆ.

ಕ್ರೆಸ್ಟೆಡ್‌ನ ಬೆರಳಡಿ ಲಕ್ಷಾಂತರ ಸೂಕ್ಷ್ಮ ಕೂದಲುಗಳಿವೆ. ಅಂಟು ಇಲ್ಲ, ಕೂದಲಿಗೂ ಗಾಜಿಗೂ ನಡುವಿನ ಅಣುಗಳ ಸೆಳೆತವೇ ಹಿಡಿದಿಡುತ್ತದೆ, ಹಾಗಾಗಿ ಮಲಗಿದರೂ ಬೀಳುವುದಿಲ್ಲ. ತೊಂದರೆ ಬಾಲದ್ದು. ತಲೆಕೆಳಗಾಗಿ ಗಂಟೆಗಟ್ಟಲೆ ಇದ್ದರೆ ಬಾಲ ಬೆನ್ನ ಮೇಲೆ ಮಡಚಿ ಬೀಳುತ್ತದೆ, ಆ ಭಾರ ಸೊಂಟದ ಮೂಳೆಯನ್ನೇ ಎಳೆಯಬಹುದು ಅಂತ ಸಾಕುವವರು ಹೇಳುತ್ತಾರೆ. ಕ್ಯಾಲ್ಸಿಯಂ ಕೊರತೆಯೂ ಸೇರಿಕೊಂಡರೆ ಇನ್ನೂ ಕೆಟ್ಟದು. ಗಾಜೇ ಗತಿ ಆಗದ ಹಾಗೆ ಅದರ ಮೈಯಷ್ಟೇ ದಪ್ಪದ ಕೊಂಬೆಗಳನ್ನು ಅಡ್ಡಡ್ಡ ಕಟ್ಟಿ, ಮೇಲ್ಭಾಗದಲ್ಲಿ ಅಗಲ ಎಲೆ ಜೋಡಿಸಿ, ಒಂದು ಬಿದಿರು ಕೊಳವೆ ಓರೆಯಾಗಿ ಇಡಿ. ಇನ್ನೊಂದು ವಿಷಯ ಗೊತ್ತಿರಲಿ. ಲೆಪರ್ಡ್ ಬಾಲ ಉದುರಿದರೆ ಮತ್ತೆ ಬೆಳೆಯುತ್ತದೆ, ಕ್ರೆಸ್ಟೆಡ್‌ದು ಹೋದರೆ ಹೋಯಿತು.

ಹೊರಗಡೆಯಿಂದ ಕಲ್ಲು, ಕೊಂಬೆ ತಂದು ಹಾಕಬಹುದಾ?

ಹಾಕಬಹುದು. ಔಷಧ ಹೊಡೆದ ಜಾಗದ್ದಾಗಿರಬಾರದು, ಅಂಟು ಸುರಿಯುವ ಮರ ಬೇಡ. ಉಜ್ಜಿ ತೊಳೆದು, ಕುದಿವ ನೀರು ಸುರಿದು, ಬಿಸಿಲಲ್ಲಿ ಒಣಗಿಸಿ.

ಕಲ್ಲು ಇಡುವ ಕ್ರಮ ಮಾತ್ರ ತಪ್ಪಬೇಡಿ. ಮೊದಲು ಕಲ್ಲು, ಆಮೇಲೆ ಮಣ್ಣು. ಕಲ್ಲು ಟ್ಯಾಂಕಿನ ತಳದ ಮೇಲೇ ಕೂತಿರಬೇಕು. ಮಣ್ಣಿನ ಮೇಲೆ ಕಲ್ಲಿಟ್ಟರೆ ಗೆಕ್ಕೊ ಅದರಡಿ ಅಗೆಯುತ್ತಾ ಹೋಗುತ್ತದೆ, ಒಂದು ದಿನ ಕಲ್ಲು ಅದರ ಮೇಲೇ ಕುಸಿಯುತ್ತದೆ. ಒಂದರ ಮೇಲೊಂದು ಪೇರಿಸುವುದಾದರೆ ಅಕ್ವೇರಿಯಂ ಸಿಲಿಕೋನಿನಲ್ಲಿ ಅಂಟಿಸಿ, ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ ಕಾಯಿರಿ. ಎರಡು ದಿನವಾದರೂ ಬೇಕು.

## ಸ್ವಲ್ಪ ಅನುಭವ ಆದ ಮೇಲೆ

ಎಷ್ಟು ದಿನಕ್ಕೊಮ್ಮೆ ಪೂರ್ತಿ ತೊಳೀಬೇಕು?

ಲೆಪರ್ಡ್ ಗೆಕ್ಕೊ ಅಚ್ಚುಕಟ್ಟು ಪ್ರಾಣಿ, ಒಂದೇ ಮೂಲೆಯನ್ನು ಪಾಯಿಖಾನೆ ಮಾಡಿಕೊಳ್ಳುತ್ತದೆ. ಆ ಮೂಲೆಗೊಂದು ಟೈಲ್ಸ್ ಹಾಕಿದರೆ ದಿನಾ ಅದೊಂದನ್ನೇ ಒರೆಸಿದರಾಯಿತು. ಪೂರ್ತಿ ತೊಳೆಯುವುದು ತಿಂಗಳಿಗೊಮ್ಮೆ ಸಾಕು. ಪೈನ್ ವಾಸನೆಯ, ಫಿನಾಲ್ ಇರುವ ನೆಲ ಒರೆಸುವ ದ್ರವ ಮುಟ್ಟಬೇಡಿ, ಸರೀಸೃಪಗಳಿಗೆ ವಿಷ. ತಿನ್ನದೆ ಉಳಿದ ಕ್ರಿಕೆಟ್ ಹುಳುಗಳನ್ನು ರಾತ್ರಿ ಒಳಗೆ ಬಿಡಬೇಡಿ, ಮಲಗಿದ ಗೆಕ್ಕೊವನ್ನೇ ಅವು ಕಡಿಯುತ್ತವೆ.

ಗಿಡ, ಹುಳು ಎಲ್ಲ ಇರೋ ಬಯೋಆಕ್ಟಿವ್ ಟ್ಯಾಂಕ್ ಮಾಡಿದ್ರೆ ತೊಳೆಯೋದೇ ಬೇಡ್ವಂತೆ?

ತೊಳೆಯುವುದು ಕಡಿಮೆಯಾಗುತ್ತದೆ, ನೋಡಿಕೊಳ್ಳುವುದು ಜಾಸ್ತಿಯಾಗುತ್ತದೆ. ಸ್ಪ್ರಿಂಗ್‌ಟೇಲ್ ಅನ್ನುವ ಚುಕ್ಕೆಯಂಥ ಜೀವಿಗಳು ಬೂಸ್ಟು ತಿನ್ನುತ್ತವೆ, ಐಸೊಪಾಡ್‌ಗಳು ಹಿಕ್ಕೆ, ಕೊಳೆತ ಎಲೆ ತಿನ್ನುತ್ತವೆ, ಗಿಡ ಅದರ ಸಾರ ಹೀರುತ್ತದೆ. ಕ್ರೆಸ್ಟೆಡ್‌ನ ತೇವದ ಟ್ಯಾಂಕಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ತಳದಲ್ಲಿ ಸುಟ್ಟ ಮಣ್ಣಿನ ಗುಂಡು 5 ಸೆಂಟಿಮೀಟರ್, ಅದರ ಮೇಲೆ ಜಾಲರಿ ಬಟ್ಟೆ, ಮೇಲೆ 8ರಿಂದ 10 ಸೆಂಟಿಮೀಟರ್ ಮಣ್ಣು, ಕೊನೆಗೆ ಒಣ ಎಲೆ. ಮನಿ ಪ್ಲಾಂಟ್, ಬ್ರೊಮೀಲಿಯಾಡ್ ಇದರಲ್ಲಿ ಚೆನ್ನಾಗಿ ಬರುತ್ತವೆ.

ಗಿಡ ನೆಟ್ಟು ಹುಳು ಬಿಟ್ಟು ಕನಿಷ್ಠ ನಾಲ್ಕು ವಾರ ಖಾಲಿ ಬಿಡಿ. ಈ ತಾಳ್ಮೆಯೇ ಜನಕ್ಕೆ ಇಲ್ಲದಿರುವುದು. ಬೇರು ಇಳಿಯುವ ಮೊದಲೇ ಗೆಕ್ಕೊ ಬಿಟ್ಟರೆ ಗಿಡ ಕಿತ್ತು ಬರುತ್ತದೆ. ಹೊಸದಾಗಿ ತಂದ ಗೆಕ್ಕೊವನ್ನೂ ನೇರ ಇದಕ್ಕೆ ಬಿಡಬೇಡಿ. ಮೊದಲ 60ರಿಂದ 90 ದಿನ ಪೇಪರ್ ಟವೆಲ್ ಹಾಸಿದ ಸರಳ ಟ್ಯಾಂಕಿನಲ್ಲಿರಲಿ, ಹಿಕ್ಕೆ ಪರೀಕ್ಷೆ ಮಾಡಿಸಿ. ಜಂತು, ಪರಾವಲಂಬಿ ಇದ್ದರೆ ಇಷ್ಟು ಮಣ್ಣಿನಲ್ಲಿ ಸೇರಿಕೊಂಡ ಮೇಲೆ ಎಲ್ಲವನ್ನೂ ಎಸೆಯದೆ ಗತಿಯಿಲ್ಲ.

ಕರೆಂಟ್ ಹೋದ್ರೆ ಏನು ಮಾಡೋದು?

ಕೆಲವು ಗಂಟೆ ತಣ್ಣಗಾದರೆ ಲೆಪರ್ಡ್ ತಡೆದುಕೊಳ್ಳುತ್ತದೆ. ಟ್ಯಾಂಕಿಗೆ ಕಂಬಳಿ ಹೊದಿಸಿ, ಗಾಳಿಗೆ ಸ್ವಲ್ಪ ಸಂದು ಬಿಡಿ, ಬಿಸಿ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಹೊರಗಡೆ ಗಾಜಿಗೆ ಒರಗಿಸಿ. ಮತ್ತೆ ಬೆಚ್ಚಗಾಗುವವರೆಗೆ ಊಟ ಹಾಕಬೇಡಿ. ಬೇಸಿಗೆಯಲ್ಲಿ ಕ್ರೆಸ್ಟೆಡ್‌ಗೆ ಇದರ ಉಲ್ಟಾ. ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಜಾಲರಿ ಮೇಲಿಡಿ, ತಂಪು ತಾನಾಗಿ ಕೆಳಗಿಳಿಯುತ್ತದೆ. ಚಳಿಗಿಂತ ಸೆಕೆ ಬೇಗ ಕೊಲ್ಲುತ್ತದೆ.

ಎಲ್ಲ ಸರಿ ಮಾಡಿದ್ದೀನಿ, ಆದ್ರೂ ರಾತ್ರಿಯಿಡೀ ಗಾಜು ಕೆರೆಯುತ್ತೆ. ಯಾಕೆ?

ಹೊಸ ಟ್ಯಾಂಕಾದರೆ ಎರಡು ವಾರ ಬಿಟ್ಟು ನೋಡಿ, ಪರಿಚಯ ಆಗಬೇಕು. ಆಮೇಲೂ ಕೆರೆಯುತ್ತಿದ್ದರೆ ಮೊದಲು ಬಿಸಿ ಅಳೆಯಿರಿ, ಎರಡೂ ತುದಿಯಲ್ಲಿ, ಹಗಲೂ ರಾತ್ರಿಯೂ. ಆಮೇಲೆ ಗಾಜಿನಲ್ಲಿ ತನ್ನದೇ ಪ್ರತಿಬಿಂಬ ಕಾಣುತ್ತಿದೆಯೇ ನೋಡಿ, ಅದನ್ನು ಇನ್ನೊಂದು ಗೆಕ್ಕೊ ಅಂದುಕೊಳ್ಳುತ್ತದೆ. ಮೂರು ಬದಿಗೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿದರೆ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ಬೆಳೆದ ಹೆಣ್ಣಾದರೆ ಮೊಟ್ಟೆ ಇಡಲು ಜಾಗ ಹುಡುಕುತ್ತಿರಬಹುದು, ಗಂಡಿನ ಜೊತೆ ಸೇರದಿದ್ದರೂ ಬರಡು ಮೊಟ್ಟೆ ಇಡುತ್ತದೆ. ತೇವದ ಗೂಡಿನಲ್ಲಿ ಪಾಚಿಯ ಕೆಳಗೆ ನಾಲ್ಕು ಬೆರಳು ದಪ್ಪ ಒದ್ದೆ ತೆಂಗಿನ ನಾರು ಹಾಕಿ. ಬೆಳಿಗ್ಗೆ ಗೂಡಿನ ಬಾಯಲ್ಲಿ ನಾರು ಚೆಲ್ಲಾಡಿದ್ದರೆ, ಗೆಕ್ಕೊ ಸೊರಗಿದ ಹೊಟ್ಟೆ ಇಟ್ಟುಕೊಂಡು ಬಿಸಿ ಕಲ್ಲಿನ ಮೇಲೆ ಬಿದ್ದುಕೊಂಡಿದ್ದರೆ, ಮೆಲ್ಲಗೆ ಮುಚ್ಚಳ ತೆಗೆದು ನೋಡಿ. ಸಾಮಾನ್ಯವಾಗಿ ಎರಡು ಇರುತ್ತವೆ.